ಗ್ರ್ಯಾಂಡ್ ಪಿಯಾನೊ ಆಕ್ಷನ್ ಮುರಿಯದಂತೆ ಸಾಗಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಪಿಯಾನೊ ಟ್ಯೂನಿಂಗ್, ರಿಪೇರಿ ಮಾಡುತ್ತೇನೆ. ಮೈಸೂರಿನ ಒಂದು ಮನೆಯ ಗ್ರ್ಯಾಂಡ್ ಪಿಯಾನೊಗೆ ಹೊಸ ಹ್ಯಾಮರ್ (ತಂತಿಗೆ ಬಡಿಯುವ ಫೆಲ್ಟ್ ಸುತ್ತಿಗೆ) ಹಾಕಬೇಕಾಗಿದೆ. ಆಕ್ಷನ್ (ಕೀ, ಹ್ಯಾಮರ್ ಎಲ್ಲ ಇರುವ ಒಳಗಿನ ಯಂತ್ರಭಾಗ) ಹೊರತೆಗೆದು ನನ್ನ ವರ್ಕ್‌ಶಾಪ್‌ಗೆ ತರಬೇಕು. ಪಿಯಾನೊ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನನ್ನದು ಸಣ್ಣ ಕಾರು, ಹೋಗುವುದು ಒಬ್ಬನೇ. ಏನೂ ಮುರಿಯದಂತೆ ತರುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಪೂರ್ತಿ ಆಕ್ಷನ್ ತರಲೇಬೇಕಾ ಎಂದು ಮೊದಲು ಯೋಚಿಸಿ. ಕೀಗಳು, ಕೀಫ್ರೇಮ್ (ಕೀಗಳು ಕೂರುವ ಚೌಕಟ್ಟು), ಮೇಲಿನ ಹ್ಯಾಮರ್ ಭಾಗ ಎಲ್ಲ ಸೇರಿದರೆ 30 ಕೆ.ಜಿ. ಆಸುಪಾಸು ತೂಗುತ್ತದೆ. ದೊಡ್ಡ ಪಿಯಾನೊ ಆದರೆ ಇನ್ನೂ ಜಾಸ್ತಿ. ಹ್ಯಾಮರ್ ಬದಲಾಯಿಸುವುದಷ್ಟೇ ಕೆಲಸವಾದರೆ ಮೇಲಿನ ಭಾಗವನ್ನು, ಅಂದರೆ ಸ್ಟ್ಯಾಕ್ ಅನ್ನು, ಸ್ಕ್ರೂ ಬಿಚ್ಚಿ ಕೀಫ್ರೇಮ್‌ನಿಂದ ಬೇರೆ ಮಾಡಬಹುದು. ಕೀಗಳ ಸಮೇತ ಫ್ರೇಮನ್ನು ವಾಪಸ್ ಪಿಯಾನೊ ಒಳಗೆ ತಳ್ಳಿಬಿಡಿ. ಹೊರಬೇಕಾದ ಭಾರ ಎಷ್ಟೋ ಇಳಿಯುತ್ತದೆ. ಕೀಗಳಿಗೇ ಕೆಲಸವಿದ್ದರೆ ಮಾತ್ರ ಪೂರ್ತಿ ತನ್ನಿ.

ಹೆಚ್ಚಿನವರು ರಸ್ತೆಯ ಬಗ್ಗೆ ಹೆದರುತ್ತಾರೆ. ಆದರೆ ಜಾಸ್ತಿ ಮುರಿಯುವುದು ಪಿಯಾನೊದಿಂದ ಹೊರಗೆ ಎಳೆಯುವಾಗ. ಫಾಲ್‌ಬೋರ್ಡ್ (ಕೀಗಳ ಮುಚ್ಚಳ), ಕೀಸ್ಲಿಪ್ (ಕೀಗಳ ಮುಂದಿನ ಪಟ್ಟಿ), ಎರಡೂ ಬದಿಯ ಕೀ ಬ್ಲಾಕ್ (ಮರದ ತುಂಡು) ತೆಗೆದ ಮೇಲೆ ಆಕ್ಷನ್ ಸಲೀಸಾಗಿ ಜಾರುತ್ತದೆ. ಆಗ ಒಂದೇ ಒಂದು ಕೀ ಒತ್ತಿಹೋದರೂ ಅದರ ಹ್ಯಾಮರ್ ಮೇಲೆದ್ದು ಪಿನ್‌ಬ್ಲಾಕ್‌ಗೆ (ಟ್ಯೂನಿಂಗ್ ಪಿನ್‌ಗಳು ಕೂರುವ ಮರದ ಭಾಗ) ಸಿಕ್ಕಿಕೊಳ್ಳುತ್ತದೆ. ನೀವು ಎಳೆಯುತ್ತಲೇ ಇದ್ದರೆ ಶ್ಯಾಂಕ್ (ಹ್ಯಾಮರ್‌ನ ಕಡ್ಡಿ) ಲಟಕ್ಕನೆ ಮುರಿಯುತ್ತದೆ. ಅದಕ್ಕೇ ಕೈ ಯಾವಾಗಲೂ ಕೀಫ್ರೇಮ್‌ನ ಎರಡು ತುದಿಗಳಲ್ಲೇ ಇರಲಿ. ಅಂಗಿಯ ತೋಳು, ಮೊಣಕೈ ಕೀಗಳಿಗೆ ತಾಗಬಾರದು. ಎರಡೂ ಬದಿ ಒಂದೇ ಸಮ ಬರಲಿ. ಎಲ್ಲಾದರೂ ತಡೆದಂತೆ ಅನಿಸಿದರೆ ನಿಲ್ಲಿಸಿ, ಟಾರ್ಚ್ ಹಾಕಿ ಒಳಗೆ ನೋಡಿ. ಬಲ ಪ್ರಯೋಗ ಬೇಡವೇ ಬೇಡ.

ಪಿಯಾನೊ ಮುಂದೆ ಅಷ್ಟೇ ಎತ್ತರದ ಗಟ್ಟಿ ಮೇಜು ಹಾಕಿ ಅದರ ಮೇಲಕ್ಕೆ ಜಾರಿಸಿ. ಸ್ಟ್ಯಾಕ್ ಬಿಚ್ಚುವುದೂ ಅಲ್ಲೇ. ಅಲ್ಲಿಂದ ಮುಂದೆ ಒಬ್ಬರೇ ಎತ್ತುವುದು ಬೇಡ. ಭಾರಕ್ಕಿಂತ ಉದ್ದವೇ ದೊಡ್ಡ ತೊಂದರೆ. 88 ಕೀಗಳ ಸಾಲೇ ಸುಮಾರು 123 ಸೆಂ.ಮೀ. ಆಗುತ್ತದೆ. ಮೆಟ್ಟಿಲ ತಿರುವಿನಲ್ಲಿ ಒಬ್ಬರ ಕೈಗೆ ಅದು ನಿಲ್ಲುವುದಿಲ್ಲ. ಮನೆಯವರಲ್ಲಿ ಒಬ್ಬರು ಸಹಾಯಕ್ಕೆ ಇರಬೇಕು ಎಂದು ಫೋನಿನಲ್ಲೇ ಹೇಳಿಟ್ಟಿರಿ. ಹಿಡಿಯುವುದು ತಳದಲ್ಲಿ ಮಾತ್ರ. ಹ್ಯಾಮರ್ ರೈಲು (ಹ್ಯಾಮರ್ ಸಾಲಿನ ಉದ್ದಪಟ್ಟಿ) ಹಿಡಿಯಲು ಅನುಕೂಲವಾಗಿ ಕಾಣುತ್ತದೆ, ಆದರೆ ಅದನ್ನು ಹಿಡಿದು ಎತ್ತಬೇಡಿ.

ಇನ್ನು ಆಕ್ಷನ್ ಇಟ್ಟು ಸಾಗಿಸುವ ಹಲಗೆ. ಇದರಲ್ಲಿ ಜಿಪುಣತನ ಬೇಡ. ಕೀಫ್ರೇಮ್ ಪಿಯಾನೊ ಒಳಗೆ ಸಮತಟ್ಟಾದ ಕೀಬೆಡ್ ಮೇಲೆ ಕೂತಿರುತ್ತದೆ. ಹೊರಗೆ ಬಂದರೆ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಕಾರಿನ ಸೀಟು ಮಡಚಿದ ಜಾಗ ಎಂದೂ ಸಮತಟ್ಟಾಗಿರುವುದಿಲ್ಲ, ಅಲ್ವಾ? ಆದ್ದರಿಂದ 18 ಮಿ.ಮೀ. ಪ್ಲೈವುಡ್ ಹಲಗೆ ಮಾಡಿಸಿ, ಸುತ್ತ ಅಂಚುಪಟ್ಟಿ, ಎರಡು ತುದಿಗೆ ಹಿಡಿ ಹಾಕಿಸಿ. ಸ್ಟ್ಯಾಕ್ ಮಾತ್ರ ತರುವುದಾದರೆ ಅದು ತನ್ನನ್ನು ಹೊರುವ ಆಧಾರಗಳ, ಅಂದರೆ ಬ್ರ್ಯಾಕೆಟ್‌ಗಳ, ಕಾಲಿನ ಮೇಲೆ ನಿಲ್ಲಬೇಕು. ಆ ಕಾಲಿನ ತೂತುಗಳಲ್ಲೇ ಸ್ಕ್ರೂ ಹಾಕಿ ಹಲಗೆಗೆ ಬಿಗಿಯಿರಿ. ಬೆಲ್ಟ್ ಕಟ್ಟುವುದೂ ಹಲಗೆಗೆ ಅಥವಾ ಕೀಫ್ರೇಮ್‌ಗೆ. ಹ್ಯಾಮರ್‌ಗಳ ಮೇಲೆ ಬೆಲ್ಟ್ ಹಾಯಲೇಬಾರದು. ಪೂರ್ತಿ ಆಕ್ಷನ್ ತರುವುದಾದರೆ ಕೀ ಸ್ಟಾಪ್ ರೈಲ್ (ಕೀಗಳು ಮೇಲೇಳದಂತೆ ತಡೆಯುವ ಪಟ್ಟಿ) ಇದೆಯಾ ನೋಡಿಕೊಳ್ಳಿ. ಅದಿಲ್ಲದಿದ್ದರೆ ಸ್ಪೀಡ್ ಬ್ರೇಕರ್ ಕುಲುಕಾಟಕ್ಕೆ ಕೀಗಳು ಪಿನ್‌ನಿಂದ ಎದ್ದುಬರಬಹುದು.

ಮೈಸೂರಿಗೆ ಹೊರಡುವ ಮೊದಲೇ ಕಾರಿನ ಒಳಗೆ ಟೇಪ್ ಹಿಡಿದು ಅಳೆಯಿರಿ. ಸಣ್ಣ ಕಾರಿನಲ್ಲಿ ಅಡ್ಡ ಹಿಡಿಸುವುದು ಕಷ್ಟ. ಹಿಂದಿನ ಸೀಟು ಮಡಚಿ ಉದ್ದಕ್ಕೆ ಇಡಿ. ಉಪಕರಣದ ಪೆಟ್ಟಿಗೆಯನ್ನು ಬೇರೆ ಕಡೆ ಕಟ್ಟಿಡಿ. ಬ್ರೇಕ್ ಹಾಕಿದಾಗ ಅದು ಬಂದು ಬಡಿದರೆ ಮಾಡಿದ್ದೆಲ್ಲ ವ್ಯರ್ಥ. ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಮಳೆ ಬಂದರೆ ಮಾತ್ರ ಅದರ ಮೇಲೆ ಪ್ಲಾಸ್ಟಿಕ್, ವರ್ಕ್‌ಶಾಪ್ ತಲುಪಿದ ತಕ್ಷಣ ಅದನ್ನು ತೆಗೆಯಿರಿ. ತೇವ ಒಳಗೇ ಉಳಿದರೆ ಫೆಲ್ಟ್ ಉಬ್ಬಿ ಸೆಂಟರ್ ಪಿನ್‌ಗಳು (ಭಾಗಗಳು ತಿರುಗುವ ಸಣ್ಣ ಪಿನ್‌ಗಳು) ಬಿಗಿಯಾಗುತ್ತವೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಕಾರು ನೆರಳಲ್ಲಿರಲಿ. ಬಿಸಿಲಿಗೆ ಕಾದ ಕಾರಿನಲ್ಲಿ ಮರ, ಅಂಟು ಎರಡಕ್ಕೂ ಕೇಡು. ಬಸ್ ಪಾರ್ಸೆಲ್‌ನಲ್ಲಿ ಕಳಿಸುವ ಯೋಚನೆಯನ್ನಂತೂ ಬಿಡಿ.

ಹೊರಡುವ ಮೊದಲು ಫೋಟೊ ತೆಗೆದುಕೊಳ್ಳಿ. ಯಾವ ಸ್ಕ್ರೂ ಎಲ್ಲಿಯದು ಎಂದು ಬರೆದಿಡಿ. ಹ್ಯಾಮರ್ ತೆಗೆಯುವಾಗ ಪ್ರತಿ ವಿಭಾಗದಲ್ಲೂ ಒಂದೆರಡು ಹಳೆಯದನ್ನು ಹಾಗೇ ಬಿಡಿ. ಹೊಸದನ್ನು ಸಾಲಿಗೆ ಕೂರಿಸಲು ಅವೇ ಅಳತೆ.

ಇದೇ ಕೆಲಸ ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೊದಲ್ಲಿ ಬಂದರೆ ಭಾರ ಕಡಿಮೆ, ಆದರೆ ಆ ಆಕ್ಷನ್ ತಾನಾಗಿ ನಿಲ್ಲುವುದಿಲ್ಲ, ಮಗುಚುತ್ತದೆ. ಅದಕ್ಕೆ ಮರದ ಸ್ಟ್ಯಾಂಡ್ ಮೊದಲೇ ಮಾಡಿಸಿಕೊಂಡು ಹೋಗಿ.

ವಾಪಸ್ ಕೂರಿಸುವಾಗಲೂ ಎಳೆಯುವಾಗಿನಷ್ಟೇ ಎಚ್ಚರ ಬೇಕು. ಎಡ ಪೆಡಲ್‌ನ ಲಿವರ್ ಕೀಫ್ರೇಮ್‌ನ ತನ್ನ ಗೂಡಿಗೆ ಸರಿಯಾಗಿ ಕೂರಬೇಕು. ಕೀ ಬ್ಲಾಕ್ ಬಿಗಿಯುವ ಮೊದಲು ಪೆಡಲ್ ಒತ್ತಿ, ಆಕ್ಷನ್ ಪಕ್ಕಕ್ಕೆ ಸರಿದು ತಿರುಗಿ ಬರುತ್ತದಾ ನೋಡಿ.