ಮೊದಲ ದಿನದ ಸೂಜಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: ‘ನನ್ನ ತಂಗಿಗೆ ಏಳನೇ ತಿಂಗಳು, ಚೊಚ್ಚಲು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ಕಣ್ಣು ಹಳದಿಯಾಗಿಲ್ಲ, ಜ್ವರವಿಲ್ಲ, ಚೆನ್ನಾಗಿಯೇ ಇದ್ದಾಳೆ. ಗಂಡನ ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ನೆಲನೆಲ್ಲಿ ಕಷಾಯ ಕುಡಿದರೆ ಸಾಕು, ಮಗುವಿಗೆ ಮಾತ್ರ ಎದೆಹಾಲು ಕೊಡಬೇಡ ಅನ್ನುತ್ತಾರೆ ಅವಳ ಅತ್ತೆ. ಹಿರಿಯರ ಮದ್ದನ್ನು ನೀವು ಗೌರವದಿಂದ ಕಾಣುವವರು, ನೀವೇ ಹೇಳಿ.’

ತಾಯೀ, ಹಿರಿಯರ ಮದ್ದಿನ ಮೇಲೆ ನನಗೆ ಗೌರವವಿದೆ. ನೆಲನೆಲ್ಲಿಯನ್ನು ವಿಜ್ಞಾನಿಗಳೂ ಹಗುರವಾಗಿ ಕಾಣಲಿಲ್ಲ. ಯಕೃತ್ತಿಗೆ ತಗುಲುವ ಈ ಹೆಪಟೈಟಿಸ್ ಬಿ ವೈರಾಣುವನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಮದರಾಸಿನ ಸಂಶೋಧಕರ ಜತೆ ಸೇರಿ ಅದನ್ನು ಪರೀಕ್ಷಿಸಿದರು. 1988ರಲ್ಲಿ ಬಂದ ಅವರ ವರದಿ ದೊಡ್ಡ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ. ಕಷಾಯಕ್ಕೆ ಹೆಸರು ಬಂದದ್ದು ಬಹುಮಟ್ಟಿಗೆ ನೀರಿನಿಂದ ಹರಡುವ ಎ ಬಗೆಯ ಕಾಮಾಲೆಯಿಂದ. ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದ್ದು. ನೀರಿನಿಂದಲೇ ಬರುವ ಇ ಬಗೆ ಬಸುರಿಯರಲ್ಲಿ ಹಾಗಲ್ಲ. ಕೊನೆಯ ಮೂರು ತಿಂಗಳ ಬಸುರಿಯರಿಗೆ ತಗುಲಿದರೆ ನೂರಕ್ಕೆ 20ರಿಂದ 25ರವರೆಗೂ ಸಾವಾಗಬಹುದು. ಬಸುರಿಯ ಕಣ್ಣು ಹಳದಿಯಾದ ದಿನ ಪಥ್ಯ ಹಿಡಿಸಿ ಕಾಯಬಾರದು, ಅಂದೇ ಆಸ್ಪತ್ರೆಗೆ ಸೇರಿಸಬೇಕು.

ನಿಮ್ಮ ತಂಗಿಯದು ಬಿ. ಇಲ್ಲಿ ಅಪಾಯ ಬಂದು ನಿಲ್ಲುವುದು ಮಗುವಿನ ಮೇಲೆ. ಹೆರಿಗೆಯ ಹೊತ್ತಿಗೆ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ಬಾಳಿನುದ್ದಕ್ಕೂ ಉಳಿಯುತ್ತದೆ, ಮುಂದೆ ಯಕೃತ್ತಿನ ಕ್ಯಾನ್ಸರಿಗೂ ದಾರಿಯಾಗಬಹುದು. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರಕ್ಕೆ ಐದು ಮಂದಿಗೂ ಇಲ್ಲ. ಅದಕ್ಕೇ ನಾನು ಹುಟ್ಟಿದ ದಿನದ ಸೂಜಿಯ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು. ಮಗು ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದರೆ 12 ಗಂಟೆಯೊಳಗೇ, ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ, ಬೀಳಬೇಕು. ಆಮೇಲಿನ ಡೋಸುಗಳನ್ನೂ ತಪ್ಪಿಸಬಾರದು. ಇಷ್ಟಾದರೆ ಎದೆಹಾಲು ಧಾರಾಳವಾಗಿ ಕೊಡಬಹುದು. ಇದೊಂದೇ ಕಾರಣಕ್ಕೆ ಸಿಸೇರಿಯನ್ನೂ ಬೇಕಿಲ್ಲ.

ತಂಗಿಯ ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ ಪರೀಕ್ಷೆಯನ್ನು ಈಗಲೇ ಮಾಡಿಸಿ. ಮಿಲಿಲೀಟರಿಗೆ ಎರಡು ಲಕ್ಷ ಯೂನಿಟ್ ದಾಟಿದ್ದರೆ ವೈದ್ಯರು ವೈರಾಣುವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರುಮಾಡುತ್ತಾರೆ. 28ನೇ ವಾರದ ಹೊತ್ತಿಗೆ ಅದನ್ನು ಶುರುಮಾಡಬೇಕು, ಏಳನೇ ತಿಂಗಳು ಎಂದರೆ ಅದಕ್ಕೆ ಸಮಯ ಬಂದೇ ಬಿಟ್ಟಿದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಪರೀಕ್ಷೆ ಆದದ್ದು ಗಂಡನ ಊರಲ್ಲಿ, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲಿ. ಸೀಮಂತದ ಸೀರೆ, ಹಸಿರು ಬಳೆ ಎಲ್ಲ ಜತೆಗೆ ಬರುತ್ತವೆ, ರಿಪೋರ್ಟು ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ನೋವು ತಿನ್ನುತ್ತ ಬಂದವಳಿಗೆ ಪಾಸಿಟಿವ್ ಎಂದು ಅಲ್ಲಿನ ನರ್ಸಿಗೆ ಹೇಳುವವರು ಯಾರು? ತಾಯಿ ಕಾರ್ಡಿನ ಮೇಲೆಯೇ ಬರೆಸಿಡಿ. ಇಮ್ಯುನೊಗ್ಲಾಬ್ಯುಲಿನ್ ತರಿಸಿಡಲು ಹೆರಿಗೆ ಆಸ್ಪತ್ರೆಗೆ ಮುಂಚೆಯೇ ಹೇಳಿ.

ಬಂಧುವೊಬ್ಬರ ಹೆರಿಗೆಗೆಂದು ನಾನು ಹೋಗಿದ್ದ ಆಸ್ಪತ್ರೆಯೊಂದರಲ್ಲಿ, ಅಂದು ಭಾನುವಾರ, ಕೂಸಿಗೆ ಈ ಲಸಿಕೆ ಕೇಳಿದರೆ, ‘ಹತ್ತು ಡೋಸಿನ ಬಾಟಲಿ ಸಾರ್, ಒಂದು ಕೂಸಿಗೆ ಒಡೆಯೋಕಾಗಲ್ಲ, ಬುಧವಾರ ಬನ್ನಿ’ ಎಂದರು. ತೆರೆದ ಬಾಟಲಿಯನ್ನು ಸರಿಯಾದ ತಂಪಿನಲ್ಲಿಟ್ಟು 28 ದಿನದವರೆಗೂ ಬಳಸಬಹುದೆಂದು ಸರ್ಕಾರದ ನಿಯಮವೇ ಹೇಳುತ್ತದೆ. ಕೇಳಿ, ಬಿಡಬೇಡಿ. ಈ ಲಸಿಕೆಗಾಗಿ ಒಂದು ಕಾಲದಲ್ಲಿ ವಿದೇಶಿ ಕಂಪನಿಗಳನ್ನೇ ನೆಚ್ಚಿದ್ದೆವು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸಿದ ಮೇಲೆ ಬೆಲೆ ಬಡವರ ಕೈಗೆಟುಕಿತು. 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳಿಗೂ ಸರ್ಕಾರವೇ ಕೊಡುವಂತಾಯಿತು. ಅಷ್ಟು ದೂರ ಬಂದ ಮದ್ದು ಫ್ರಿಜ್ಜಿನಿಂದ ಹೆರಿಗೆ ಕೋಣೆಗೆ ಬರಲು ಬುಧವಾರ ಬೇಕೆಂದರೆ ಸಿಟ್ಟು ಬರುವುದಿಲ್ಲವೇ?

ತಟ್ಟೆ ಲೋಟ ಬೇರೆ ಮಾಡಿದ್ದು ನೋಡಿ ನನಗೆ ತುಂಬ ನೋವಾಯಿತು. ಕೂಡಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಬಿ ಹರಡದು. ರಕ್ತದಿಂದ, ದೇಹಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತದೆ. ಬೇರೆ ಇಡಬೇಕಾದ್ದು ಬ್ಲೇಡು, ಹಲ್ಲುಜ್ಜುವ ಬ್ರಷ್ಷು. ಗಂಡನಿಗೆ ಪರೀಕ್ಷೆ ಮಾಡಿಸಿ, ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಲಸಿಕೆ ಹಾಕಿಸಿ. ಇದು ಎಲ್ಲಿಂದ ಬಂತು ಎಂದು ಆ ಮನೆಯವರು ಅವಳನ್ನು ಕೆಣಕುತ್ತಿದ್ದರೆ, ಅವಳು ಹುಟ್ಟಿದಾಗಲೇ ಬಂದಿರಬಹುದು, ಆಗ ಈ ಲಸಿಕೆ ಎಲ್ಲ ಮಕ್ಕಳಿಗೂ ಸಿಗುತ್ತಿರಲಿಲ್ಲ ಎಂದು ತಿಳಿಸಿ ಹೇಳಿ. ಅದೇ ಕಾರಣಕ್ಕೆ ನಿಮ್ಮ ತಾಯಿಯವರೂ ನೀವೂ ಈ ವಾರವೇ ಪರೀಕ್ಷೆ ಮಾಡಿಸಿಕೊಳ್ಳಿ.