ಅನ್ನನಾಳದ ಆಪರೇಷನ್: ಅಪ್ಪ ಮತ್ತೆ ಮುದ್ದೆ ಉಣ್ಣಬಹುದಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಮಂಡ್ಯದ ಹತ್ತಿರದ ಹಳ್ಳಿ. ಬೀಡಿ ಸೇದುತ್ತಾರೆ. ನಾಲ್ಕು ತಿಂಗಳಿಂದ ನುಂಗಲು ಕಷ್ಟ. ಅನ್ನನಾಳದ ನಡುಭಾಗದಲ್ಲಿ ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ) ಕ್ಯಾನ್ಸರ್ ಇದೆ, ಬೇರೆ ಕಡೆ ಹರಡಿಲ್ಲ ಎಂದು ಗೊತ್ತಾಗಿದೆ. ಮೊದಲು ಕೀಮೋ, ರೇಡಿಯೇಷನ್, ಆಮೇಲೆ ಆಪರೇಷನ್ ಅಂದಿದ್ದಾರೆ. ಊರಿನವರು 'ಎದೆ ಕೊಯ್ಸಿದರೆ ಉಳಿಯಲ್ಲ' ಅಂತಾರೆ. ಏನು ಮಾಡಲಿ? ಅವರು ಮೊದಲಿನ ಹಾಗೆ ಮುದ್ದೆ ಉಣ್ಣಬಹುದಾ?

ಉತ್ತರ: ಊರಿನವರ ಭಯ ಸುಮ್ನೆ ಹುಟ್ಟಿದ್ದಲ್ಲ. ಇದು ನಿಜಕ್ಕೂ ದೊಡ್ಡ ಆಪರೇಷನ್. ಅನ್ನನಾಳದ ಬಹುಭಾಗ ತೆಗೆದು, ಹೊಟ್ಟೆಯ ಜಠರವನ್ನೇ ಕೊಳವೆಯಂತೆ ಮಾಡಿ, ಮೇಲಕ್ಕೆಳೆದು ಎದೆಯಲ್ಲೋ ಕುತ್ತಿಗೆಯಲ್ಲೋ ಹೊಲಿಯುತ್ತಾರೆ. ಅನುಭವಿ ಆಸ್ಪತ್ರೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಚಿಕ್ಕದೋ ದೊಡ್ಡದೋ ಒಂದು ತೊಂದರೆ ಆಗುತ್ತದೆ. ಹೊಲಿದ ಜಾಗ ಸೋರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ನ್ಯುಮೋನಿಯಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಧ್ವನಿ ಒಡೆಯಬಹುದು. ಆದರೆ ಇಂಥ ಕಡೆ 90 ದಿನದೊಳಗೆ ಸಾಯುವವರು ನೂರಕ್ಕೆ ನಾಲ್ಕೈದು ಮಂದಿ. ಅಂದರೆ 'ಉಳಿಯಲ್ಲ' ಅನ್ನುವುದು ನಿಜವಲ್ಲ.

'ಅನುಭವಿ' ಅನ್ನುವ ಮಾತಿಗೆ ತುಂಬಾ ತೂಕವಿದೆ. ಅಮೆರಿಕದ ವಯಸ್ಸಾದ ರೋಗಿಗಳ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಈ ಆಪರೇಷನ್ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ 20 ಮಂದಿ ತೀರಿಕೊಂಡಿದ್ದರು. ತುಂಬಾ ಮಾಡುವ ಕಡೆ 8. ಆದ್ದರಿಂದ ಸರ್ಜನ್ ಹತ್ತಿರ ಸಂಕೋಚ ಬಿಟ್ಟು ಕೇಳಿ: "ಸಾರ್, ವರ್ಷಕ್ಕೆ ಇಂಥದ್ದು ಎಷ್ಟು ಮಾಡ್ತೀರಿ? ಸೋರಿದರೆ ನೋಡಿಕೊಳ್ಳುವ ವ್ಯವಸ್ಥೆ ಇಲ್ಲೇ ಇದೆಯಾ?" ಒಳ್ಳೆ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲು ಕೀಮೋ-ರೇಡಿಯೇಷನ್ ಕೊಡುವುದು ಸರಿಯಾದ ದಾರಿಯೇ. ನೆದರ್‌ಲ್ಯಾಂಡ್ಸ್‌ನ ದೊಡ್ಡ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ ಐದು ವರ್ಷ ದಾಟಿದರು. ಬರೀ ಆಪರೇಷನ್ ಆದವರಲ್ಲಿ ಮೂರನೇ ಒಂದು ಭಾಗ. ಸ್ಕ್ವಾಮಸ್ ಇದ್ದವರಲ್ಲಿ ಸುಮಾರು ಅರ್ಧ ಮಂದಿಗೆ, ಆಪರೇಷನ್ ಮಾಡಿ ತೆಗೆದ ಭಾಗದಲ್ಲಿ ಕ್ಯಾನ್ಸರೇ ಸಿಗಲಿಲ್ಲ! ಹಾಗಾಗಿ ಚಿಕಿತ್ಸೆ ಮುಗಿದ ಮೇಲೆ ಗಡ್ಡೆ ಪೂರ್ತಿ ಮಾಯವಾಗಿದ್ದರೆ, ಆಪರೇಷನ್ ಮುಂದೂಡಿ ಕಾದು ನೋಡಬಹುದಾ ಎಂದು ಕೇಳಿ. ಆಗ ಪದೇ ಪದೇ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ತಪ್ಪಿಸುವಂತಿಲ್ಲ.

ಬೀಡಿಯನ್ನು ಇವತ್ತೇ ಬಿಡಿಸಿ. ನ್ಯುಮೋನಿಯಾ ತಡೆಯಲು ನಿಮ್ಮ ಕೈಯಲ್ಲಿರುವ ದೊಡ್ಡ ಔಷಧಿ ಅದೇ. ದಿನಾ ನಡೆಸಿ, ಮೂರು ಚೆಂಡಿನ ಉಸಿರಾಟದ ಸಾಧನ ಊದದೆ ಒಳಕ್ಕೆ ಎಳೆಯಲು ಹೇಳಿ. ತೂಕ ಇಳಿಯುತ್ತಿದ್ದರೆ ಟ್ಯೂಬ್ ಆಹಾರಕ್ಕೆ (ಕೊಳವೆ ಹಾಕಿ ನೇರವಾಗಿ ಒಳಗೆ ಕೊಡುವ ದ್ರವ ಆಹಾರ) ಹೆದರಬೇಡಿ.

ಮುದ್ದೆಯ ಬಗ್ಗೆ. ನಿಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ನುಂಗುತ್ತಾರೆ ಅಲ್ವಾ? ಹೊಲಿದ ಜಾಗ ಕಿರಿದಾದರೆ ಅದೇ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಎಂಡೋಸ್ಕೋಪಿಯಲ್ಲೇ ಹಿಗ್ಗಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಗಂಜಿ, ಮೆತ್ತಗಿನ ಅನ್ನ, ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ. ಸಿಹಿ ಜಾಸ್ತಿಯಾದರೆ ತಲೆಸುತ್ತು, ಭೇದಿ ಬರಬಹುದು. ಮಲಗುವಾಗ ತಲೆಯ ಕಡೆ ಎತ್ತರಿಸಬೇಕು. ಡಾಕ್ಟರ್ ಒಪ್ಪಿದ ಮೇಲೆ ಮೆತ್ತಗಿನ ಮುದ್ದೆಯನ್ನು ಸಾರಿನಲ್ಲಿ ಕಲಸಿ, ಬೆರಳ ತುದಿಯಷ್ಟು ತುತ್ತು ಮಾಡಿ ಕೊಡಿ.