ಮದುವೆ ಮನೆಯ ಕಪ್ಪು ಹಾಸ್ಯ: ಒಂದು ಚಿಕ್ಕ ಕಾದಂಬರಿ ಹೇಳಿ ಅಂದವರಿಗೆ

ಒಂದೇ ದಿನದ ಮದುವೆಯ ಕತೆ ಇರಬೇಕು, ನಗು ಬರಬೇಕು, ನಗುವಾಗಲೇ ಒಳಗೆಲ್ಲೋ ಚುರುಕ್ ಅನ್ನಬೇಕು, ಒಂದೇ ಸಲ ಕೂತು ಓದಿ ಮುಗಿಸುವಂತಿರಬೇಕು ಅಂತ ಕೇಳಿದ್ದೀರಿ. ಗೆಳತಿಯ ಮದುವೆಗೆ ಉಡುಗೊರೆ ಕೊಡಬಹುದಾ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಜೂಲಿಯಾ ಸ್ಟ್ರೇಚಿ ಬರೆದ ‘ಚಿಯರ್‌ಫುಲ್ ವೆದರ್ ಫಾರ್ ದ ವೆಡಿಂಗ್’.

1932ರಲ್ಲಿ ಬಂದ ಪುಸ್ತಕ. ಪ್ರಕಟಿಸಿದ್ದು ಲಿಯೊನಾರ್ಡ್ ಮತ್ತು ವರ್ಜೀನಿಯಾ ವುಲ್ಫ್ ದಂಪತಿಯ ಹೋಗರ್ತ್ ಪ್ರೆಸ್. ಲೇಖಕಿ ಇಂಗ್ಲೆಂಡಿನವರಾದರೂ 1901ರಲ್ಲಿ ಹುಟ್ಟಿದ್ದು ನಮ್ಮ ಅಲಹಾಬಾದಿನಲ್ಲಿ. ಬರೆದದ್ದು ಬಹಳ ಕಡಿಮೆ.

ಕತೆ ಅಂತ ಹೇಳಲು ಹೊರಟರೆ ನಾಲ್ಕು ಸಾಲು. ಮಾರ್ಚ್ 5, ಇಂಗ್ಲೆಂಡಿನ ಒಂದು ಹಳ್ಳಿಮನೆ. ಗಂಡ ತೀರಿಕೊಂಡಿರುವ ಮಿಸೆಸ್ ಥ್ಯಾಚಮ್ ತನ್ನ ದೊಡ್ಡ ಮಗಳು ಡಾಲಿಯ ಮದುವೆ ಮಾಡುತ್ತಿದ್ದಾಳೆ. ಡಾಲಿಗೆ 23. ಗಂಡು ಓವೆನ್ ಅವಳಿಗಿಂತ 8 ವರ್ಷ ದೊಡ್ಡವನು, ವಿದೇಶಾಂಗ ಸೇವೆಯಲ್ಲಿದ್ದಾನೆ. ಮದುವೆ ಮುಗಿದ ಮೇಲೆ ಇಬ್ಬರೂ ದಕ್ಷಿಣ ಅಮೆರಿಕಕ್ಕೆ. ಮಹಡಿ ಮೇಲೆ ಮದುಮಗಳು ಕೋಣೆಯಲ್ಲಿ ರಮ್ ಬಾಟಲಿ ಇಟ್ಟುಕೊಂಡು ಕುಡಿಯುತ್ತಿದ್ದಾಳೆ. ಕೆಳಗೆ ಅತಿಥಿಗಳ ನಡುವೆ ಜೋಸೆಫ್ ಅನ್ನೋ ಹುಡುಗ ಚಡಪಡಿಸುತ್ತಿದ್ದಾನೆ. ಕಳೆದ ಬೇಸಿಗೆಯಲ್ಲಿ ಅವನಿಗೂ ಡಾಲಿಗೂ ಏನೋ ಇತ್ತು. ಏನಿತ್ತು ಅಂತ ಇಬ್ಬರೂ ಬಾಯಿ ಬಿಟ್ಟು ಆಡಿಕೊಂಡಿಲ್ಲ. ಈಗ ಆಡೋಣ ಅಂದರೆ ಚರ್ಚಿಗೆ ಹೊತ್ತಾಗಿದೆ.

ನಗು ಎಲ್ಲಿಂದ ಬರುತ್ತೆ ಅಂದರೆ, ಆ ಮನೆಯಲ್ಲಿ ಎಲ್ಲರೂ ಒಂದೇ ಸಮ ಮಾತಾಡುತ್ತಾರೆ, ಮಾತಾಡಬೇಕಾದ್ದನ್ನು ಬಿಟ್ಟು! ಟಾಮ್, ರಾಬರ್ಟ್ ಅಂತ ಇಬ್ಬರು ಹುಡುಗರಿದ್ದಾರೆ. ರಾಬರ್ಟ್ ಪಚ್ಚೆ ಹಸಿರಿನ ಕಾಲುಚೀಲ ಹಾಕಿಕೊಂಡಿದ್ದಾನೆ. ಪರಿಚಯದವರು ಯಾರಾದರೂ ನೋಡಿದರೆ ಮಾನ ಹೋಯಿತು, ಮೇಲೆ ಹೋಗಿ ಬದಲಾಯಿಸು ಅಂತ ಟಾಮ್ ಅವನ ಹಿಂದೆ ಬಿದ್ದಿದ್ದಾನೆ. ಗೋಗರೆಯುತ್ತಾನೆ, ಹೆದರಿಸುತ್ತಾನೆ. ಅವನು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಒಂದು ಹುಡುಗಿಯ ಬಾಳು ನಿರ್ಧಾರವಾಗುವ ದಿನ ಆ ಮನೆಯಲ್ಲಿ ಗಟ್ಟಿಯಾಗಿ, ನೇರವಾಗಿ ನಡೆಯುವ ಜಗಳ ಅಂದರೆ ಕಾಲುಚೀಲದ್ದು. ನಮ್ಮ ಛತ್ರಗಳಲ್ಲಿ ಮುಯ್ಯಿ ಬರೆಯುವ ಪುಸ್ತಕ ಎಲ್ಲಿ ಹೋಯಿತು ಅಂತ ಎದ್ದೇಳುವ ಗಲಾಟೆ ನೋಡಿದವರಿಗೆ ಇದು ಹೊಸದೇನಲ್ಲ.

ಆದರೆ ನನ್ನ ಪ್ರಕಾರ ಇಡೀ ಪುಸ್ತಕದ ಜೀವ ಆ ತಾಯಿ. ಬಂದ ಬಂದ ನೆಂಟರಿಗೆಲ್ಲ ಅದೇ ಒಂದು ಕೋಣೆಯನ್ನು ಕೊಟ್ಟು ಕಳಿಸುತ್ತಾಳೆ. ಆಮೇಲೆ ಆಳುಗಳೇ ತಲೆಕೆಟ್ಟವರು ಅಂತ ಆಶ್ಚರ್ಯಪಡುತ್ತಾಳೆ. ಹೊರಗೆ ಮೈ ಕೊರೆಯುವ ಬಿರುಗಾಳಿ, ಇವಳು ಮಾತ್ರ ಮದುವೆಗೆ ಎಷ್ಟು ಒಳ್ಳೆ ಹವೆ ಅಂತ ಖುಷಿಯಾಗಿದ್ದಾಳೆ. ಕೆಟ್ಟವಳಲ್ಲ. ಕಣ್ಣಿಗೆ ಬಿದ್ದದ್ದನ್ನು ಒಪ್ಪಿಕೊಳ್ಳದೆ ಇರೋದು ಅವಳಿಗೆ ಅಭ್ಯಾಸವಾಗಿಬಿಟ್ಟಿದೆ, ಅಷ್ಟೇ. ಅಂಥ ತಾಯಿ ಮಗಳ ಮುಖ ನೋಡಿ ಏನಾಯ್ತಮ್ಮಾ ಅಂತ ಕೇಳ್ತಾಳಾ?

ಸ್ಟ್ರೇಚಿ ಎಲ್ಲಿಯೂ ‘ಪಾಪ ಡಾಲಿ’ ಅನ್ನುವುದಿಲ್ಲ. ಮದುವೆಯ ಬಿಳಿ ಉಡುಪಿನ ಮೇಲೆ ಶಾಯಿ ಚೆಲ್ಲುತ್ತದೆ, ಅದನ್ನು ಹೇಗೆ ಮುಚ್ಚೋದು ಅನ್ನುವ ಪರದಾಟ ಶುರುವಾಗುತ್ತದೆ. ಇದನ್ನೂ ಕಾಲುಚೀಲದ ಜಗಳದ ಧಾಟಿಯಲ್ಲೇ ಹೇಳಿಬಿಡುತ್ತಾರೆ. ಆರಂಭದಲ್ಲೇ ಒಂದು ಕಡೆ ಡಾಲಿ ಹಳದಿ ಚುಕ್ಕೆ ಹಿಡಿದ ಹಳೇ ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಅದರೊಳಗೆ ಕೋಣೆ, ಜರೀಗಿಡಗಳು, ಅವಳ ಮುಖ ಎಲ್ಲವೂ ಬೆಳಕು ಸತ್ತ ಹಾಗೆ ಕಾಣುತ್ತವೆ. ಆ ಪುಟ ಮಾತ್ರ ನಿಧಾನವಾಗಿ ಓದಿ. ಮುಂದಿನದ್ದು ತಾನಾಗಿ ಓಡುತ್ತೆ. ಜೋಸೆಫ್ ಕೊನೆಯಲ್ಲಿ ಏನು ಮಾಡುತ್ತಾನೆ ಅಂತ ನಾನು ಹೇಳೋದಿಲ್ಲ.

ಪರ್ಸೆಫನಿ ಬುಕ್ಸ್‌ನವರು ಮರುಮುದ್ರಣ ಮಾಡಿದ್ದಾರೆ, ಹುಡುಕಿದರೆ ಸಿಗುತ್ತದೆ. 2012ರಲ್ಲಿ ಸಿನಿಮಾ ಕೂಡ ಬಂತು, ಫೆಲಿಸಿಟಿ ಜೋನ್ಸ್ ಡಾಲಿ. ನೋಡಲು ಚೆನ್ನಾಗಿದೆ, ಆದರೆ ಬೇಸಿಗೆಯ ಪ್ರೇಮವನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ಬಿಡಿಸಿ ತೋರಿಸುತ್ತಾರೆ. ಪುಸ್ತಕದ ಖಾರ ಅಲ್ಲೇ ಅರ್ಧ ಇಳಿದುಹೋಯಿತು ಅನ್ನಿಸಿತು ನನಗೆ. ಮೊದಲು ಓದಿ, ಆಮೇಲೆ ಬೇಕಾದರೆ ನೋಡಿ.

ಇನ್ನು ಉಡುಗೊರೆ. ದಯವಿಟ್ಟು ಬೇಡ. ಮದುವೆಗೆ ಸುಮ್ನೆ ಒಂದು ಮಿಕ್ಸಿ ಕೊಡಿ. ಪುಸ್ತಕವನ್ನು ಅವರ ಮೊದಲ ವಾರ್ಷಿಕೋತ್ಸವಕ್ಕೆ ಎತ್ತಿಡಿ, ಅದೂ ಇಬ್ಬರೂ ನಗುನಗುತ್ತಾ ಇದ್ದರೆ ಮಾತ್ರ.